ಕಡತಕ್ಕೆ ಎಷ್ಟು ದಿನ, ಕಾಯಿಲೆಗೆ ಎಷ್ಟು ದಿನ?

ಭಾರತದ ಜೈಲಿನಲ್ಲಿದ್ದ ಒಬ್ಬ ಮನುಷ್ಯನ ಔಷಧೋಪಚಾರಕ್ಕೆ ಜೈಲು ಇಲಾಖೆಗಳು 2019-20ರಲ್ಲಿ ಮಾಡಿದ ಖರ್ಚು ದಿನಕ್ಕೆ 5 ರೂಪಾಯಿ 12 ಪೈಸೆ. ದರ್ಶಿನಿಯಲ್ಲಿ ಆ ದುಡ್ಡಿಗೆ ಅರ್ಧ ಲೋಟ ಕಾಫಿಯೂ ಬರುವುದಿಲ್ಲ. ಈ ಅಂಕಿಯನ್ನು ಯಾವ ಇಲಾಖೆಯೂ ಅಚ್ಚು ಹಾಕಿಸಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೊರತರುವ ಜೈಲು ಅಂಕಿಅಂಶದ ಪುಸ್ತಕ ಮುಂದಿಟ್ಟುಕೊಂಡು ಭಾಗಾಕಾರ ಮಾಡಿದರೆ ಸಿಗುವಂಥದ್ದು. 2019-20ರಲ್ಲಿ ದೇಶದ ಎಲ್ಲ ಜೈಲುಗಳ ಒಟ್ಟು ಖರ್ಚು 5,958.3 ಕೋಟಿ ರೂಪಾಯಿ. ಅದರಲ್ಲಿ ಕೈದಿಗಳ ಬಾಬತ್ತಿಗೆ ಹೋದದ್ದು 2,060.96 ಕೋಟಿ. ಊಟಕ್ಕೆ 986.18 ಕೋಟಿ, ವೈದ್ಯಕೀಯಕ್ಕೆ 89.48 ಕೋಟಿ. 2019ರ ಡಿಸೆಂಬರ್ 31ರಂದು ಒಳಗಿದ್ದವರು 4,78,600 ಮಂದಿ. ತಲೆಗೆ ದಿನವೊಂದಕ್ಕೆ ಊಟಕ್ಕೆ 56 ರೂಪಾಯಿ, ಔಷಧಿಗೆ ಐದು ಚಿಲ್ಲರೆ.

ಈ ಲೆಕ್ಕಕ್ಕೆ ಒಂದು ತಿದ್ದುಪಡಿ ಬೇಕು. ಕೈದಿಯನ್ನು ಹೊರಗಿನ ಸರ್ಕಾರಿ ಆಸ್ಪತ್ರೆಗೆ ಕಳಿಸಿದಾಗ ಅಲ್ಲಿನ ವೈದ್ಯರ ಸಂಬಳ, ಹಾಸಿಗೆ, ಯಂತ್ರಗಳ ಖರ್ಚೆಲ್ಲ ಆರೋಗ್ಯ ಇಲಾಖೆಯ ಪುಸ್ತಕಕ್ಕೆ ಹೋಗುತ್ತದೆ. ಹಾಗಾಗಿ ಐದು ರೂಪಾಯಿ ಎನ್ನುವುದು ಜೈಲಿನ ಗೋಡೆಯೊಳಗಿನ ಲೆಕ್ಕ ಮಾತ್ರ. ಆದರೆ ಕೊನೆ ಹಂತದ ಕ್ಯಾನ್ಸರ್ ರೋಗಿಯೊಬ್ಬ ದಿನದ ಬಹುಪಾಲು ಹೊತ್ತು ಕಳೆಯುವುದು ಆ ಗೋಡೆಯೊಳಗೇ. ಅದೇ ವರ್ಷಾಂತ್ಯಕ್ಕೆ ಜೈಲುಗಳಿಗೆ ಮಂಜೂರಾದ ವೈದ್ಯಕೀಯ ಸಿಬ್ಬಂದಿ 3,320, ಕೆಲಸದಲ್ಲಿ ಇದ್ದವರು 1,962. ನೂರು ಕುರ್ಚಿಗಳಲ್ಲಿ ನಲವತ್ತೊಂದು ಖಾಲಿ.

2019ನ್ನು ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಅದು ಕೊರೋನಾಕ್ಕೆ ಮುಂಚಿನ ಕೊನೆಯ ವರ್ಷ, ಅಂಕಿಗಳು ಕದಡಿಲ್ಲ. ಆ ವರ್ಷ ಜೈಲಿನಲ್ಲಿ ಸತ್ತವರು 1,775. ಇವರಲ್ಲಿ 1,544 ಸಾವುಗಳನ್ನು ಸಹಜ ಸಾವು ಎಂದು ಬರೆದುಕೊಂಡಿದ್ದಾರೆ. ಆ 1,544ರಲ್ಲಿ ವಯಸ್ಸಾಗಿ ಸತ್ತವರು 78, ಕಾಯಿಲೆಯಿಂದ ಸತ್ತವರು 1,466. ಅಂದರೆ ದಿನಕ್ಕೆ ನಾಲ್ವರು. 2022ಕ್ಕೆ ಬಂದರೆ ಕೈದಿಗಳ ಸಂಖ್ಯೆ 5,73,220ಕ್ಕೆ ಏರಿತ್ತು, ಕಾಯಿಲೆಯ ಸಾವು 1,670ಕ್ಕೆ. ಪ್ರಮಾಣ ಹೆಚ್ಚುಕಡಿಮೆ ಅದೇ.

ಪ್ರಶ್ನೆ ಇರುವುದು ಈ ನಾಲ್ವರ ಬಗ್ಗೆ. ವಾಸಿಯಾಗದ ಕಾಯಿಲೆ, ಉಳಿದದ್ದು ಕೆಲವೇ ತಿಂಗಳು ಎಂದು ಗೊತ್ತಾದ ಮೇಲೂ ಅವರನ್ನು ಒಳಗೇ ಇಟ್ಟುಕೊಳ್ಳಬೇಕೇ, ಮನೆಗೆ ಕಳಿಸಬೇಕೇ? ನಮ್ಮಲ್ಲಿ ಈ ಚರ್ಚೆ ಎದ್ದಾಗಲೆಲ್ಲ ಒಂದು ಕಡೆಯವರು ಕರುಣೆ ಎನ್ನುತ್ತಾರೆ, ಇನ್ನೊಂದು ಕಡೆಯವರು ಕೊಲೆಯಾದವನ ಹೆಂಡತಿಗೆ ಯಾರು ಕರುಣೆ ತೋರಿಸಿದರು ಎನ್ನುತ್ತಾರೆ. ಎರಡೂ ನಿಜ. ಆದ್ದರಿಂದ ಸ್ವಲ್ಪ ಹೊತ್ತು ಆ ಎರಡನ್ನೂ ಬದಿಗಿಟ್ಟು ಲೆಕ್ಕವನ್ನಷ್ಟೇ ನೋಡೋಣ.

ಉಳಿತಾಯ ಎಂಬ ವಾದ

ಅನುಕಂಪದ ಬಿಡುಗಡೆಯ ಪರ ಮಾತಾಡುವವರು ಮೊದಲು ಹೇಳುವುದು ಸರ್ಕಾರಕ್ಕೆ ದುಡ್ಡು ಉಳಿಯುತ್ತದೆ ಎಂದು. ಎಷ್ಟು ಉಳಿಯುತ್ತದೆ?

1,466 ಸಾವುಗಳಲ್ಲಿ 406 ಹೃದ್ರೋಗದ್ದು. ಎದೆ ಹಿಡಿದುಕೊಂಡು ರಾತ್ರೋರಾತ್ರಿ ಹೋಗುವವನಿಗೆ ಅನುಕಂಪದ ಬಿಡುಗಡೆ ಅನ್ವಯಿಸುವುದಿಲ್ಲ. ಅವನಿಗೆ ಬೇಕಿದ್ದದ್ದು ಹತ್ತು ನಿಮಿಷದಲ್ಲಿ ಬರುವ ಆಂಬುಲೆನ್ಸು. ಅವರನ್ನು ಕಳೆದರೆ 1,060. ಇವರಲ್ಲಿ ಅರ್ಧದಷ್ಟು ಜನರ ಸಾವು ತಿಂಗಳುಗಳ ಮುಂಚೆಯೇ ವೈದ್ಯರಿಗೆ ಕಾಣುವಂತಿತ್ತು ಎಂದು ಇಟ್ಟುಕೊಳ್ಳೋಣ. ಇದು ನನ್ನ ಅಂದಾಜು. ಬೇಕಾದವರು ಮೂರನೇ ಒಂದು ಭಾಗ ಎಂದು ಹಿಡಿಯಲಿ, ಮುಂದಿನ ಮಾತು ಬದಲಾಗದು. ಅರ್ಧ ಎಂದರೆ 530 ಜನ. ನಾಲ್ಕು ಮುಕ್ಕಾಲು ಲಕ್ಷಕ್ಕೂ ಮೇಲ್ಪಟ್ಟ ಕೈದಿಗಳಲ್ಲಿ ಸಾವಿರಕ್ಕೆ ಒಬ್ಬರು.

ಸಂಬಳ, ಕಟ್ಟಡ, ಕಾವಲು ಎಲ್ಲ ಸೇರಿ ಒಬ್ಬ ಕೈದಿಗೆ ದಿನಕ್ಕೆ ಆಗಿದ್ದ ಖರ್ಚು 341 ರೂಪಾಯಿ. 530 ಜನರನ್ನು ಮೂರು ತಿಂಗಳು ಮುಂಚೆ ಕಳಿಸಿದರೆ ಉಳಿಯುವುದು ಸುಮಾರು 1 ಕೋಟಿ 63 ಲಕ್ಷ. ಒಟ್ಟು 5,958 ಕೋಟಿಯಲ್ಲಿ ಇದು ಶೇ 0.03ಕ್ಕೂ ಕಡಿಮೆ. ಅದೂ ಪೂರ್ತಿ ಉಳಿಯುವುದಿಲ್ಲ, ಏಕೆಂದರೆ ಒಬ್ಬ ಕೈದಿ ಹೋದ ಮಾತ್ರಕ್ಕೆ ಒಬ್ಬ ವಾರ್ಡರ್‌ನ ಸಂಬಳ ನಿಲ್ಲುವುದಿಲ್ಲ. ನಿಜವಾಗಿ ಉಳಿಯುವುದು ಅನ್ನ ಸಾರಿನ ದುಡ್ಡು. ಉಳಿತಾಯದ ವಾದ ಇಲ್ಲಿಗೆ ಬಿದ್ದುಹೋಯಿತು ಎಂದುಕೊಳ್ಳಬಹುದಿತ್ತು, ಕಾವಲಿನ ಲೆಕ್ಕ ಇಲ್ಲದಿದ್ದರೆ.

ಜೈಲಿನಿಂದ ಹೊರಗಿನ ಆಸ್ಪತ್ರೆಗೆ ಸೇರಿಸಿದ ಕೈದಿಗೆ ಹಗಲೂ ರಾತ್ರಿ ಕಾವಲು ಬೇಕು. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಿಂದ ವಿಕ್ಟೋರಿಯಾ ಆಸ್ಪತ್ರೆಗೋ ಕಿದ್ವಾಯಿ ಆಸ್ಪತ್ರೆಗೋ ಒಬ್ಬನನ್ನು ಕರೆತಂದರೆ ಬೆಂಗಾವಲು ಪೊಲೀಸರು ಜೊತೆಗೇ ಬರಬೇಕು, ಜೊತೆಗೇ ಇರಬೇಕು. ಪಾಳಿಗೆ ಇಬ್ಬರಂತೆ ಮೂರು ಪಾಳಿಗೆ ಆರು ಪೇದೆಗಳು ಎಂದುಕೊಳ್ಳಿ. ಒಬ್ಬರಿಗೆ ದಿನಕ್ಕೆ ಬರೀ ಸಾವಿರ ರೂಪಾಯಿ ಎಂದು ಕೈ ಬಿಗಿ ಹಿಡಿದು ಲೆಕ್ಕ ಹಾಕಿದರೂ ದಿನಕ್ಕೆ 6,000. ಮೂರು ತಿಂಗಳಿಗೆ 5 ಲಕ್ಷ 40 ಸಾವಿರ. ಹಾಸಿಗೆಯಿಂದ ಏಳಲಾರದ ಮನುಷ್ಯ ಓಡಿಹೋಗದಂತೆ ನೋಡಿಕೊಳ್ಳಲು ಈ ಮೊತ್ತ. ಆ 530 ಜನರೂ ಮೂರು ತಿಂಗಳು ಹೊರಗಿನ ಆಸ್ಪತ್ರೆಯಲ್ಲಿ ಮಲಗಿದರೆ ಕಾವಲಿನ ಬಾಬತ್ತೇ 28 ಕೋಟಿ ದಾಟುತ್ತದೆ. ನಾಲ್ಕು ಮುಕ್ಕಾಲು ಲಕ್ಷ ಜನರ ಇಡೀ ವರ್ಷದ ವೈದ್ಯಕೀಯ ಖರ್ಚಿನ ಮೂರನೇ ಒಂದು ಭಾಗದಷ್ಟು. ಆದರೆ ಅಷ್ಟು ಪೇದೆಗಳು ಎಲ್ಲಿದ್ದಾರೆ? ಬೆಂಗಾವಲು ಸಿಗಲಿಲ್ಲ ಎಂದು ಆಸ್ಪತ್ರೆಯ ತಾರೀಖು ತಪ್ಪುವುದು ಜೈಲುಗಳಲ್ಲಿ ಹೊಸ ಸುದ್ದಿಯೇನಲ್ಲ. ಹಾಗಾಗಿ ಈ 28 ಕೋಟಿಯ ಬಹುಪಾಲು ಖರ್ಚಾಗುವುದೇ ಇಲ್ಲ. ರೋಗಿ ಬ್ಯಾರಕ್ಕಿನಲ್ಲೇ ಉಳಿಯುತ್ತಾನೆ.

ದುಡ್ಡಿದ್ದ ಕಡೆ ಏನಾಗುತ್ತದೆ ಎನ್ನುವುದಕ್ಕೆ ಕ್ಯಾಲಿಫೋರ್ನಿಯಾದ ಒಂದು ಪ್ರಕರಣ ಇದೆ. 1969ರ ನಟಿ ಶರಾನ್ ಟೇಟ್ ಕೊಲೆ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಸೂಸನ್ ಅಟ್ಕಿನ್ಸ್‌ಗೆ 2008ರಲ್ಲಿ ಮಿದುಳಿನ ಕ್ಯಾನ್ಸರ್. ಒಂದು ಕಾಲು ತೆಗೆದಿದ್ದರು, ಮೈಯ ಬಹುಭಾಗ ಸ್ವಾಧೀನ ಕಳೆದುಕೊಂಡಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಆಸ್ಪತ್ರೆಗೆ ಸೇರಿಸಿದಂದಿನಿಂದ ಕೆಲವೇ ತಿಂಗಳಲ್ಲಿ ಚಿಕಿತ್ಸೆಗೆ 11.5 ಲಕ್ಷ ಡಾಲರ್‌ಗೂ ಹೆಚ್ಚು, ಆಕೆಯ ಕೋಣೆಯ ಕಾವಲಿಗೆ 3 ಲಕ್ಷ ಡಾಲರ್‌ಗೂ ಹೆಚ್ಚು ಖರ್ಚಾಯಿತೆಂದು ವರದಿಯಾಯಿತು. ಜುಲೈ 15ರಂದು ಪೆರೋಲ್ ಮಂಡಳಿ ಬಿಡುಗಡೆಯ ಅರ್ಜಿ ತಿರಸ್ಕರಿಸಿತು. ಆಕೆ 2009ರ ಸೆಪ್ಟೆಂಬರ್ 24ರಂದು ಕೈದಿಯಾಗಿಯೇ ಸತ್ತಳು. ಕೊಲೆಯಾದಾಗ ಶರಾನ್ ಟೇಟ್ ಎಂಟೂವರೆ ತಿಂಗಳ ಗರ್ಭಿಣಿ. ಆ ಮಂಡಳಿಯ ಮುಂದೆ ಡಾಲರ್ ಲೆಕ್ಕ ಇಟ್ಟವರು ತೂಕದ ಕಲ್ಲನ್ನೇ ತಪ್ಪಾಗಿ ಆರಿಸಿದ್ದರು. ಕೋಪಕ್ಕೆ ಉಳಿತಾಯದ ಪಟ್ಟಿ ಉತ್ತರವಾಗುವುದಿಲ್ಲ.

ಮೂರು ತಿಂಗಳು, ಮೂವತ್ಮೂರು ತಿಂಗಳು

ಬಿಡುಗಡೆಯ ವಿರುದ್ಧ ಇರುವವರ ಕೈಯಲ್ಲಿರುವ ಅತಿ ಗಟ್ಟಿ ಅಂಕಿ 33.

1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಪ್ಯಾನ್ ಆಮ್ ವಿಮಾನ ಬಾಂಬಿನಿಂದ ಸಿಡಿದು 270 ಜನ ಸತ್ತರು. ವಿಮಾನದಲ್ಲಿದ್ದವರು 259, ನೆಲದ ಮೇಲೆ 11. ಆ ಅಪರಾಧಕ್ಕೆ ಲಿಬಿಯಾದ ಅಬ್ದುಲ್‌ಬಾಸಿತ್ ಅಲ್ ಮೆಗ್ರಾಹಿಗೆ 2001ರ ಜನವರಿ 31ರಂದು ಜೀವಾವಧಿ ಶಿಕ್ಷೆಯಾಯಿತು. ಅವನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿ, ಉಳಿದದ್ದು ಮೂರು ತಿಂಗಳು ಎಂಬ ಆಧಾರದ ಮೇಲೆ ಸ್ಕಾಟ್ಲೆಂಡಿನ ನ್ಯಾಯ ಸಚಿವ ಕೆನ್ನಿ ಮೆಕಾಸ್ಕಿಲ್ 2009ರ ಆಗಸ್ಟ್ 20ರಂದು ಬಿಡುಗಡೆ ಮಾಡಿದರು. ಅವನು ಸತ್ತದ್ದು 2012ರ ಮೇ 20ರಂದು. ಸರಿಯಾಗಿ 33 ತಿಂಗಳು. ವೈದ್ಯರು ಹೇಳಿದ್ದಕ್ಕಿಂತ ಹನ್ನೊಂದು ಪಟ್ಟು. ತೀರ್ಪಿನಿಂದ ಬಿಡುಗಡೆಯವರೆಗೆ ಅವನು ಕಳೆದದ್ದು 3,123 ದಿನ. 270ರಿಂದ ಭಾಗಿಸಿದರೆ ಒಂದು ಜೀವಕ್ಕೆ ಹನ್ನೊಂದೂವರೆ ದಿನ. ಸತ್ತವರ ಮನೆಯವರು ಈ ಭಾಗಾಕಾರ ಮಾಡಿದರೆ ಅವರನ್ನು ಕಲ್ಲೆದೆಯವರು ಎನ್ನಲಾಗದು.

ಇನ್ನೂ ಇಬ್ಬರಿದ್ದಾರೆ. ಬೋರ್ಡೋ ಪ್ರಾಂತದ ಯಹೂದಿಗಳನ್ನು ಸಾಗಹಾಕಿದ ಅಪರಾಧಕ್ಕೆ 1998ರಲ್ಲಿ ಹತ್ತು ವರ್ಷ ಶಿಕ್ಷೆಯಾಗಿದ್ದ ಫ್ರಾನ್ಸಿನ ಮೊರೀಸ್ ಪಾಪೋನ್ 2002ರ ಸೆಪ್ಟೆಂಬರ್ 18ರಂದು ಅನಾರೋಗ್ಯದ ಕಾರಣಕ್ಕೆ ಹೊರಬಂದ, ವಯಸ್ಸು 92. ಸತ್ತದ್ದು 2007ರ ಫೆಬ್ರವರಿ 17. ಬ್ರಿಟನ್ನಿನ ರೈಲು ದರೋಡೆಯ ರೊನಾಲ್ಡ್ ಬಿಗ್ಸ್ 2009ರ ಆಗಸ್ಟ್ 6ರಂದು ಹೊರಬಂದವನು 2013ರ ಡಿಸೆಂಬರ್ 18ರವರೆಗೆ ಬದುಕಿದ. ಇಬ್ಬರೂ ನಾಲ್ಕು ವರ್ಷ ನಾಲ್ಕೈದು ತಿಂಗಳು. ಈ ಮೂರು ಹೆಸರು ಸಾಕು, ಯಾವ ಮಂತ್ರಿಯೂ ಸಹಿ ಹಾಕುವ ಮುನ್ನ ಪೆನ್ನು ಕೆಳಗಿಡುತ್ತಾನೆ.

ಆದರೆ ಪ್ರಸಿದ್ಧ ಪ್ರಕರಣಗಳಿಂದ ಸರಾಸರಿ ತೆಗೆಯಬಾರದು. ವೈದ್ಯರ ಅಂದಾಜು ಯಾವ ಕಡೆಗೆ ತಪ್ಪುತ್ತದೆ ಎಂದು ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲೆಮಾಂಟ್ ಶಿಕಾಗೊದಲ್ಲಿ ಅಳೆದಿದ್ದಾರೆ. ಅದು 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. 343 ವೈದ್ಯರು, ಸಾವಿನಂಚಿನ ಆರೈಕೆಗೆ ಬಂದ 468 ರೋಗಿಗಳು. ಪ್ರತಿಯೊಬ್ಬರೂ ಎಷ್ಟು ದಿನ ಬದುಕಬಹುದು ಎಂದು ವೈದ್ಯರನ್ನು ಕೇಳಿ, ಆಮೇಲೆ ಎಷ್ಟು ದಿನ ಬದುಕಿದರು ಎಂದು ನೋಡಿದರು. ಅಂದಾಜು ಸರಿಸುಮಾರು ಸರಿಯಾದದ್ದು 92 ರೋಗಿಗಳ ವಿಷಯದಲ್ಲಿ. 81 ಜನ ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ಬದುಕಿದರು. 295 ಜನ ಹೇಳಿದ್ದಕ್ಕಿಂತ ಬೇಗ ಸತ್ತರು. ಒಟ್ಟಾರೆ ವೈದ್ಯರು ಉಳಿದ ಆಯುಸ್ಸನ್ನು 5.3 ಪಟ್ಟು ಹಿಗ್ಗಿಸಿ ಹೇಳಿದ್ದರು.

ಮೆಗ್ರಾಹಿ ಆ 81ರ ಗುಂಪಿನವನು. ಕಾನೂನು ಅವನನ್ನು ನೆನೆದು ಹೆದರುತ್ತದೆ. 295ರ ಗುಂಪಿನವರು ಪತ್ರಿಕೆಗೆ ಬರುವುದಿಲ್ಲ. ನಿಯಮ ಮೂರು ತಿಂಗಳು ಎನ್ನುತ್ತದೆ ಎಂದುಕೊಳ್ಳಿ, ಜೈಲಿನ ವೈದ್ಯ ಎಲ್ಲ ವೈದ್ಯರಂತೆ ಆಸೆ ಬಿಡದೆ ಆರು ತಿಂಗಳು ಎಂದು ಬರೆಯುತ್ತಾನೆ, ಅರ್ಜಿ ಅನರ್ಹವಾಗುತ್ತದೆ, ಕೈದಿ ಆರನೇ ವಾರಕ್ಕೆ ಸಾಯುತ್ತಾನೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಕ್ರೂರಿಯಲ್ಲ. ತಿಂಗಳು ಎಣಿಸುವ ನಿಯಮವೇ ಹಾಗೆ ಕೆಲಸ ಮಾಡುತ್ತದೆ. ಕಾಯಿಲೆ ವಾಸಿಯಾಗುತ್ತದೆಯೇ ಇಲ್ಲವೇ, ಎದ್ದು ಓಡಾಡುವ ಶಕ್ತಿ ಉಳಿದಿದೆಯೇ ಎಂದು ಕೇಳಿದರೆ ವೈದ್ಯರು ಸರಿಯಾಗಿ ಉತ್ತರಿಸಬಲ್ಲರು. ಫ್ರಾನ್ಸಿನ 2002ರ ಮಾರ್ಚ್ 4ರ ಕಾನೂನು ಒಂದು ಮಟ್ಟಿಗೆ ಜಾಣತನದ್ದು: ಅದು ಶಿಕ್ಷೆಯನ್ನು ರದ್ದು ಮಾಡುವುದಿಲ್ಲ, ಅಮಾನತಿನಲ್ಲಿಡುತ್ತದೆ. ಚೇತರಿಸಿಕೊಂಡರೆ ವಾಪಸು. ಹಾಗಿದ್ದಾಗ ಹೆಚ್ಚು ದಿನ ಬದುಕುವುದು ಹಗರಣವಾಗಬೇಕಿಲ್ಲ. ನಮ್ಮ ಕಾನೂನಿನಲ್ಲೂ ಷರತ್ತಿನ ಮೇಲೆ ಶಿಕ್ಷೆ ತಡೆಹಿಡಿಯುವ, ಷರತ್ತು ಮುರಿದರೆ ಮತ್ತೆ ಒಳಗೆ ಹಾಕುವ ಅಧಿಕಾರ ದಂಡ ಪ್ರಕ್ರಿಯಾ ಸಂಹಿತೆಯ 432ನೇ ಕಲಮಿನ ಕಾಲದಿಂದ ಇದೆ. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 473.

ಹೊರಗೆ ಬಂದು ಮತ್ತೆ ಕೊಲೆ ಮಾಡಿದರೆ? ಅಮೆರಿಕದ ನ್ಯಾಯ ಇಲಾಖೆಯ ಮಹಾತನಿಖಾಧಿಕಾರಿ 2013ರಲ್ಲಿ ಇದನ್ನು ಎಣಿಸಿದರು. 2006ರಿಂದ 2011ರ ನಡುವೆ ಫೆಡರಲ್ ಜೈಲುಗಳಿಂದ ಅನುಕಂಪದ ಮೇಲೆ ಹೊರಬಂದ 142 ಜನರಲ್ಲಿ ಮತ್ತೆ ಬಂಧನಕ್ಕೆ ಒಳಗಾದವರು 5. ಶೇ 3.5. ಸಾಮಾನ್ಯವಾಗಿ ಬಿಡುಗಡೆಯಾದವರಲ್ಲಿ ಈ ಪ್ರಮಾಣ ಶೇ 41ರ ಆಸುಪಾಸು. ಈ ವಿಷಯಕ್ಕೆ ಇದಕ್ಕಿಂತ ಹೆಚ್ಚು ಜಾಗ ಬೇಡ.

ಹತ್ತು ಮೇಜು

ಅದೇ 2013ರ ವರದಿಯಲ್ಲಿ ಇನ್ನೊಂದು ಅಂಕಿ ಇದೆ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮುಖ್ಯವಾದದ್ದು. ಕೆಳಗಿನ ಜೈಲಧಿಕಾರಿ, ಅವರ ಮೇಲಿನ ಪ್ರಾದೇಶಿಕ ಅಧಿಕಾರಿ ಇಬ್ಬರೂ ಬಿಡಬಹುದು ಎಂದು ಒಪ್ಪಿದ ಕೈದಿಗಳು 208. ಮೂರನೆಯ ಮೇಜು, ಅಂದರೆ ನಿರ್ದೇಶಕರ ತೀರ್ಮಾನ ಬರುವಷ್ಟರಲ್ಲಿ 28 ಜನ ಸತ್ತಿದ್ದರು. ನೂರಕ್ಕೆ ಹದಿಮೂರು. ಇವರು ತಿರಸ್ಕೃತರಲ್ಲ, ಅರ್ಹರು ಎಂದು ಎರಡು ಕಡೆ ಸಹಿ ಬಿದ್ದವರು.

ಆಮೇಲೆ ಸುಧಾರಿಸಿತೇ? 2013ರಿಂದ 2017ರವರೆಗೆ ಬಂದ ಅರ್ಜಿ 5,400, ಒಪ್ಪಿಗೆ ಸಿಕ್ಕಿದ್ದು ಶೇ 6ಕ್ಕೆ. ಅಂದರೆ 320ರ ಹತ್ತಿರ. ಅರ್ಜಿ ಹಾಕಿ ಒಳಗೇ ಸತ್ತವರು 266. ಆರು ಜನ ಹೊರಗೆ ನಡೆದರೆ ಐದು ಜನ ಹೆಣವಾಗಿ ಹೊರಟರು.

2018ರ ಡಿಸೆಂಬರ್ 21ರಂದು ಅಮೆರಿಕದಲ್ಲಿ ಫಸ್ಟ್ ಸ್ಟೆಪ್ ಆಕ್ಟ್ ಬಂತು. ಅದರಲ್ಲಿ ಈ ವಿಷಯಕ್ಕೆ ಸಂಬಂಧಿಸಿ ಮಾಡಿದ ಬದಲಾವಣೆ ಪುಟ್ಟದು: ಜೈಲಧಿಕಾರಿಗೆ ಅರ್ಜಿ ಕೊಟ್ಟು 30 ದಿನ ಕಳೆದರೆ ಕೈದಿ ನೇರ ನ್ಯಾಯಾಲಯಕ್ಕೆ ಹೋಗಬಹುದು. ಅಷ್ಟೇ. ಕರುಣೆ ಜಾಸ್ತಿ ಮಾಡಿ ಎಂದು ಯಾರಿಗೂ ಆದೇಶಿಸಲಿಲ್ಲ. 2018ರಲ್ಲಿ 24 ಇದ್ದ ಬಿಡುಗಡೆ ಹೊಸ ಕಾನೂನಿನ ಮೊದಲ ವರ್ಷ 145 ಆಯಿತು. 2020ರ ಆರ್ಥಿಕ ವರ್ಷದಲ್ಲಿ ಕೊರೋನಾವೂ ಸೇರಿ 1,805. ಆ ವರ್ಷ ನ್ಯಾಯಾಲಯಗಳು ತೀರ್ಮಾನಿಸಿದ ಅರ್ಜಿ 7,014. ಅಂದರೆ ನಾಲ್ಕರಲ್ಲಿ ಮೂರನ್ನು ತಿರಸ್ಕರಿಸಿವೆ. ಬಾಗಿಲು ತೆರೆದರೆ ಎಲ್ಲರೂ ನುಗ್ಗಿಬಿಡುತ್ತಾರೆ ಎಂಬ ಭಯಕ್ಕೆ ಉತ್ತರ ಇಲ್ಲಿದೆ: ನ್ಯಾಯಾಧೀಶರು ಬೇಡ ಎನ್ನುವುದನ್ನು ಚೆನ್ನಾಗಿಯೇ ಬಲ್ಲರು. ಬದಲಾದದ್ದು ಉತ್ತರ ಬರುವ ವೇಗ.

ಈಗ ನಮ್ಮ ಕಡತದ ದಾರಿ. ಕೊಲೆಯಂಥ, ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿಯಾದ ಕೈದಿಯನ್ನು ಸರ್ಕಾರ 14 ವರ್ಷಕ್ಕೆ ಮುಂಚೆ ಕ್ಷಮಾದಾನದ ಕಲಮಿನಡಿ ಬಿಡುವಂತಿಲ್ಲ. ಹಳೆಯ ಸಂಹಿತೆಯ 433ಎ, ಹೊಸದರ 475 ಹೇಳುವುದು ಇದನ್ನೇ. 1980ರ ಮಾರು ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ 14 ವರ್ಷದ ಗೆರೆಯನ್ನು ಎತ್ತಿಹಿಡಿಯಿತು, ಆದರೆ ಸಂವಿಧಾನದ 72 ಮತ್ತು 161ನೇ ವಿಧಿಯಡಿ ರಾಷ್ಟ್ರಪತಿ, ರಾಜ್ಯಪಾಲರ ಅಧಿಕಾರಕ್ಕೆ ಆ ಗೆರೆ ಅಡ್ಡಿಯಲ್ಲ ಎಂದಿತು. ಹಾಗಾಗಿ ಐದನೇ ವರ್ಷದಲ್ಲಿ ಯಕೃತ್ತಿನ ಕ್ಯಾನ್ಸರ್ ಬಂದ ಜೀವಾವಧಿ ಕೈದಿಗೆ ಶಿಕ್ಷೆ ಕಡಿತದ ಬಾಗಿಲು ಒಂದೇ, ಅದು ರಾಜಭವನದ್ದು. ಸ್ವಾತಂತ್ರ್ಯ ದಿನಕ್ಕೂ ಗಣರಾಜ್ಯೋತ್ಸವಕ್ಕೂ ಪತ್ರಿಕೆಯಲ್ಲಿ ಓದುವ ಸನ್ನಡತೆಯ ಬಿಡುಗಡೆ ಅವನಿಗೆ ಒದಗದು.

ಆ ಬಾಗಿಲಿಗೆ ಹೋಗುವ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ. ಜೈಲಿನ ವೈದ್ಯ, ವೈದ್ಯಕೀಯ ಮಂಡಳಿ, ಜೈಲು ಅಧೀಕ್ಷಕರ ಟಿಪ್ಪಣಿ, ಊರಿಗೆ ಬಂದರೆ ಗಲಾಟೆಯಾದೀತೇ ಎಂದು ಠಾಣೆಯ ಅಭಿಪ್ರಾಯ, ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯ, ಕಾರಾಗೃಹ ಇಲಾಖೆಯ ಮುಖ್ಯ ಕಚೇರಿ, ಒಳಾಡಳಿತ ಇಲಾಖೆ, ಕಾನೂನು ಇಲಾಖೆ, ಸಚಿವ ಸಂಪುಟ, ಕೊನೆಗೆ ರಾಜ್ಯಪಾಲರು. ಹತ್ತು ಮೇಜು. ಒಂದೊಂದು ಮೇಜು ಹತ್ತು ದಿನ ಮಾತ್ರ ತೆಗೆದುಕೊಂಡಿತು ಎಂದು ಉದಾರವಾಗಿ ಹಿಡಿದರೆ ನೂರು ದಿನ. ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರು ಈ ಹತ್ತು ದಿನ ಎಂಬುದನ್ನು ಓದಿ ನಗುತ್ತಾರೆ, ನಗಲಿ. ಕೇಸು ಸಿಬಿಐ ತನಿಖೆಯದ್ದಾದರೆ ಕೇಂದ್ರ ಸರ್ಕಾರವನ್ನೂ ಕೇಳುವ ಪ್ರಸಂಗ ಬರುತ್ತದೆ. ಶಿಕಾಗೊದ ಆ 468 ರೋಗಿಗಳಲ್ಲಿ ಅರ್ಧದಷ್ಟು ಜನ ಸತ್ತದ್ದು 24 ದಿನದೊಳಗೆ. ನೂರು ದಿನದ ಕಡತ, ಇಪ್ಪತ್ನಾಲ್ಕು ದಿನದ ರೋಗಿ.

ಇಷ್ಟೆಲ್ಲ ಹೇಳಿದ್ದು ಶಿಕ್ಷೆಯಾದವರ ಕತೆ. 2022ರ ಕೊನೆಗೆ ಜೈಲಿನಲ್ಲಿದ್ದ 5,73,220 ಜನರಲ್ಲಿ ಶಿಕ್ಷೆಯಾದವರು 1,33,415 ಮಾತ್ರ. ವಿಚಾರಣಾಧೀನರು 4,34,302, ನೂರಕ್ಕೆ ಎಪ್ಪತ್ತಾರು. ಇವರ ಅಪರಾಧ ಇನ್ನೂ ಸಾಬೀತಾಗಿಲ್ಲ, ಆದ್ದರಿಂದ ಕ್ಷಮೆಯ ಪ್ರಶ್ನೆಯೇ ಏಳುವುದಿಲ್ಲ. ಇವರಿಗೆ ಬೇಕಾದದ್ದು ಜಾಮೀನು. ಐವತ್ತು ದಾಟಿದವರನ್ನಷ್ಟೇ ತೆಗೆದುಕೊಂಡರೂ ಶಿಕ್ಷೆಯಾದವರು 27,690 ಇದ್ದರೆ ವಿಚಾರಣಾಧೀನರು 44,955. ಕಾಯಿಲೆಯವನಿಗೆ, ಅಶಕ್ತನಿಗೆ ಜಾಮೀನು ಕೊಡಬಹುದು ಎಂಬ ವಿನಾಯಿತಿ ಸಾಮಾನ್ಯ ಕಾನೂನಿನಲ್ಲಿದೆ. ಹಿಂದಿನ 437, ಈಗಿನ 480ನೇ ಕಲಮು. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ 45ನೇ ಕಲಮಿನಲ್ಲೂ ಅದು ಉಂಟು. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ (ಯುಎಪಿಎ) 43ಡಿ(5)ರಲ್ಲಿ ಇಲ್ಲ. ಕೋಟ್ಯಂತರ ನುಂಗಿದ ಆರೋಪಿಗೆ ಸಕ್ಕರೆ ಕಾಯಿಲೆಯ ಹೆಸರಲ್ಲಿ ಕೇಳಲು ಒಂದು ಸಾಲು ಇದೆ, ಯುಎಪಿಎ ಆರೋಪಿಗೆ ಆ ಸಾಲೂ ಇಲ್ಲ.

ಫಾದರ್ ಸ್ಟ್ಯಾನ್ ಸ್ವಾಮಿ 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಯುಎಪಿಎ ಅಡಿ ಅವರನ್ನು ರಾಂಚಿಯಿಂದ 2020ರ ಅಕ್ಟೋಬರ್ 8ರಂದು ಬಂಧಿಸಿದಾಗ ವಯಸ್ಸು 83, ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆ. ನೀರು ಕುಡಿಯಲು ಸ್ಟ್ರಾ ಮತ್ತು ಸಿಪ್ಪರ್ ಕೇಳಿ ನವೆಂಬರ್‌ನಲ್ಲಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಉತ್ತರಿಸಲು ತನಿಖಾ ಸಂಸ್ಥೆ ಎನ್‌ಐಎ 20 ದಿನ ಕಾಲಾವಕಾಶ ಪಡೆಯಿತು, ಬಳಿಕ ಅವೆರಡೂ ತನ್ನ ವಶದಲ್ಲಿಲ್ಲ ಎಂದಿತು. ಜಾಮೀನು 2021ರ ಮಾರ್ಚ್ 22ರಂದು ತಿರಸ್ಕೃತ. ಬಾಂಬೆ ಹೈಕೋರ್ಟಿನ ಆದೇಶದಂತೆ ಮೇ 28ರಂದು ತಳೋಜಾ ಜೈಲಿನಿಂದ ಮುಂಬೈನ ಖಾಸಗಿ ಆಸ್ಪತ್ರೆಗೆ. ಜುಲೈ 5ರಂದು ಜಾಮೀನು ಅರ್ಜಿ ವಿಚಾರಣೆಗೆ ಬಂದಾಗ ವೈದ್ಯರು ನ್ಯಾಯಾಲಯಕ್ಕೆ ಸಾವಿನ ಸುದ್ದಿ ತಿಳಿಸಿದರು. ಬಂಧನದಿಂದ ಸಾವಿಗೆ 270 ದಿನ. ಆ 270 ದಿನದಲ್ಲಿ ಮೊಕದ್ದಮೆಯ ವಿಚಾರಣೆ ಶುರುವೇ ಆಗಿರಲಿಲ್ಲ. ಅವರ ಮೇಲಿನ ಆರೋಪ ನಿಜವೋ ಸುಳ್ಳೋ ಎಂಬ ಜಗಳಕ್ಕೆ ಇಲ್ಲಿ ಇಳಿಯಬೇಕಿಲ್ಲ. ಆ ಜಗಳ ತೀರ್ಮಾನವಾಗುವ ಮೊದಲೇ ಮನುಷ್ಯ ಇರಲಿಲ್ಲ ಎನ್ನುವುದಷ್ಟೇ ಈ ಬರಹಕ್ಕೆ ಸಂಬಂಧಿಸಿದ್ದು.

ನಮ್ಮ ವ್ಯವಸ್ಥೆಗೆ ವೇಗವೇ ಗೊತ್ತಿಲ್ಲ ಎನ್ನುವಂತಿಲ್ಲ. 2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟು ಪ್ರತಿ ರಾಜ್ಯದಲ್ಲೂ ಉನ್ನತಾಧಿಕಾರ ಸಮಿತಿ ಮಾಡಿ ಎಂದಿತು; ವಾರಗಳಲ್ಲಿ ಸಾವಿರಾರು ಕೈದಿಗಳು ಪೆರೋಲ್, ಜಾಮೀನಿನ ಮೇಲೆ ಹೊರಬಂದರು. ಆಗಲೂ ಉದಾಹರಣೆಯಾಗಿ ಹೇಳಿದ ಅಳತೆಗೋಲು ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧ. ರೋಗ ಹರಡುತ್ತಿದ್ದ ಹೊತ್ತಿನಲ್ಲೂ ಬಹುಮಟ್ಟಿಗೆ ಕಲಮು ನೋಡಿ ಆರಿಸಿದರು, ಶ್ವಾಸಕೋಶ ನೋಡಿ ಅಲ್ಲ.

ಮನೆಗೆ ಬಂದ ಮೇಲೆ

ಬಿಡುಗಡೆ ಪರ ವಾದಿಸುವವರು ಸಾಮಾನ್ಯವಾಗಿ ಜೈಲಿನ ಗೇಟಿನಲ್ಲಿ ಕತೆ ನಿಲ್ಲಿಸುತ್ತಾರೆ. ಅದು ಸರಿಯಲ್ಲ. ಕೊನೆ ಹಂತದ ರೋಗಿಯನ್ನು ಮನೆಗೆ ಕಳಿಸುವುದು ಎಂದರೆ ಖರ್ಚನ್ನು ಸರ್ಕಾರದ ಪುಸ್ತಕದಿಂದ ಒಬ್ಬ ಹೆಂಗಸಿನ ತಲೆಗೆ ದಾಟಿಸುವುದು. ತಾಯಿಯೋ ಹೆಂಡತಿಯೋ ಮಗಳೋ. ಅವನು ಒಳಗಿದ್ದಷ್ಟು ವರ್ಷ ಕೂಲಿ ಮಾಡಿ ಸಂಸಾರ ನಡೆಸಿದವಳು ಈಗ ಕೂಲಿ ಬಿಟ್ಟು ಅವನ ಪಕ್ಕ ಕೂರಬೇಕು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಕೈಯಿಂದ ಕೊಡುವ ಪಾಲು 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ಶೇ 39.4. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಚಿಕಿತ್ಸೆ ಇದೆ, ಆದರೆ ಅದರ ಕಟ್ಟುಪಾಡು ಆಸ್ಪತ್ರೆಗೆ ಸೇರಿಸಿಕೊಂಡು ಮಾಡುವ ಚಿಕಿತ್ಸೆಯದ್ದು. ಮನೆಯಲ್ಲಿ ನರಳುವವನ ಪಕ್ಕ ಕೂತವಳ ಕೂಲಿಯನ್ನು ಅದು ತುಂಬಿಕೊಡುವುದಿಲ್ಲ.

ನೋವಿಗೆ ಮಾರ್ಫಿನ್ ಮಾತ್ರೆ ಬೇಕು. 2014ರಲ್ಲಿ ಮಾದಕ ದ್ರವ್ಯ ಕಾಯ್ದೆಗೆ ತಿದ್ದುಪಡಿ ಆಗಿ, ನಾಲ್ಕೈದು ಪರವಾನಗಿಗಳ ಜಾಗದಲ್ಲಿ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಎಂಬ ಒಂದೇ ಮಾನ್ಯತೆ ಸಾಕು ಎಂದಾಯಿತು. ಆ ಮಾನ್ಯತೆ ಇಲ್ಲದ ಆಸ್ಪತ್ರೆಯಲ್ಲಿ ಮಾತ್ರೆ ಇಲ್ಲ, ಅದು ಜೈಲಿನ ಆಸ್ಪತ್ರೆಯಾದರೂ ಅಷ್ಟೆ, ತಾಲ್ಲೂಕಿನದ್ದಾದರೂ ಅಷ್ಟೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ಪಡೆಯದೆ ನೋಡಿಕೊಳ್ಳುತ್ತಿದೆ. ಕೇರಳ 2008ರಲ್ಲೇ ಉಪಶಾಮಕ ಆರೈಕೆಯ ನೀತಿ ಮಾಡಿ ಪಂಚಾಯಿತಿ ಮಟ್ಟದಲ್ಲಿ ದಾದಿಯರು ಮನೆಗೇ ಹೋಗುವ ಏರ್ಪಾಡು ಮಾಡಿಕೊಂಡಿತು. ಇವೆರಡೂ ಇಲ್ಲದ ಊರಿಗೆ ಕೈದಿಯನ್ನು ಕಳಿಸುವುದು ಒಂದೊಂದು ಸಲ ಅವನನ್ನು ಐದು ರೂಪಾಯಿಯಿಂದ ಸೊನ್ನೆ ರೂಪಾಯಿಗೆ ಇಳಿಸಿದಂತೆ. ಒಬ್ಬ ಕೈದಿಯ ಮೇಲೆ ಆಗುತ್ತಿದ್ದ 341 ರೂಪಾಯಿಯನ್ನು ಅವನು ಬದುಕಿರುವಷ್ಟು ದಿನ ಮನೆಯವರಿಗೆ ಕೊಟ್ಟರೆ ತಿಂಗಳಿಗೆ ಹತ್ತು ಸಾವಿರ ಚಿಲ್ಲರೆ ಆಗುತ್ತದೆ. 530 ಜನಕ್ಕೆ ಮೂರು ತಿಂಗಳಿಗೆ ಅದೇ 1 ಕೋಟಿ 63 ಲಕ್ಷ. ಸರ್ಕಾರಕ್ಕೆ ಉಳಿತಾಯವೂ ಇಲ್ಲ, ದೊಡ್ಡ ಹೊರೆಯೂ ಇಲ್ಲ. ಒಪ್ಪಿಗೆಯಿಲ್ಲದ ಮನೆಯವರ ಮೇಲೆ ರೋಗಿಯನ್ನು ಹೇರಬಾರದು ಎಂಬ ಷರತ್ತೂ ಜೊತೆಗಿರಬೇಕು. ಕೆಲವರನ್ನು ಮನೆಯವರು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ, ಅದಕ್ಕೆ ಅವರಿಗೆ ಕಾರಣಗಳಿರುತ್ತವೆ.

ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2024ರ ಡಿಸೆಂಬರ್ 10ರಂದು ವಯಸ್ಸಾದ ಮತ್ತು ವಾಸಿಯಾಗದ ಕಾಯಿಲೆಯ ಕೈದಿಗಳಿಗಾಗಿ ವಿಶೇಷ ಅಭಿಯಾನ ಶುರುಮಾಡಿತು, 2025ರಲ್ಲಿ ಇದೇ ವಿಷಯ ಹಿಡಿದು ಸುಪ್ರೀಂ ಕೋರ್ಟಿಗೂ ಹೋಯಿತು. ಅಲ್ಲಿ ಯಾವ ನಿಯಮ ಹುಟ್ಟಿದರೂ ಅದರಲ್ಲಿ ಮೂವತ್ತು ದಿನದ ಗಡುವು ಇರಬೇಕು, ಗಡುವು ಮೀರಿದರೆ ಅರ್ಜಿ ತಾನಾಗಿಯೇ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬೇಕು. ಕೊಲೆಯಾದವನ ಮನೆಯವರಿಗೂ ಅದೇ ಮೂವತ್ತು ದಿನದೊಳಗೆ ಮಾತಾಡುವ ಅವಕಾಶ ಸಿಗಬೇಕು. ಬಿಡುಗಡೆಯ ಸುದ್ದಿಯನ್ನು ಅವರು ಟಿವಿಯಲ್ಲಿ ನೋಡುವಂತಾಗಬಾರದು. ಜಿಲ್ಲೆಯ ನ್ಯಾಯಾಧೀಶರು ಬೇಡ ಎಂದರೆ ಬೇಡ, ಆದರೆ ಆ ಬೇಡವನ್ನು ಕೇಳಲು ಅರ್ಜಿದಾರ ಬದುಕಿರಬೇಕು. ಬ್ಯೂರೊದ ವಾರ್ಷಿಕ ಪುಸ್ತಕದಲ್ಲಿ ಜೈಲುಗಳಲ್ಲಿ ಎಷ್ಟು ಹೊಲಿಗೆ ಕಲಿತರು, ಎಷ್ಟು ನೇಯ್ಗೆ ಕಲಿತರು ಎಂಬುದಕ್ಕೆಲ್ಲ ಕೋಷ್ಟಕಗಳಿವೆ. ಅದಕ್ಕೆ ಇನ್ನೊಂದನ್ನು ಸೇರಿಸಲು ಹೊಸ ಕಾನೂನು ಬೇಡ, ಹೊಸ ಅನುದಾನವೂ ಬೇಡ. ಕಾಯಿಲೆಯ ಆಧಾರದಲ್ಲಿ ಬಿಡುಗಡೆ ಕೇಳಿದ ಪ್ರತಿ ಅರ್ಜಿಗೂ ಮೂರು ಕಾಲಂ: ಅರ್ಜಿ ಕೊಟ್ಟ ದಿನ, ತೀರ್ಮಾನವಾದ ದಿನ, ಅರ್ಜಿದಾರ ಸತ್ತ ದಿನ.